ತೂಕ ಕಡಿಮೆಯಿರುವ ಪುಟ್ಟ ಮಗುವಿಗೆ ಫೀಡಿಂಗ್ ಟ್ಯೂಬ್ ಬಿಡಿಸುವುದು ಹೇಗೆ?

ಅವಧಿಗೆ ಮೊದಲೇ ಹುಟ್ಟಿದ, ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ, ಅಥವಾ ಅನ್ನನಾಳ ಮತ್ತು ಕರುಳಿನ ತೊಂದರೆಯಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ ಮಕ್ಕಳು ಅನೇಕ ವೇಳೆ ಮೂಗಿನಿಂದ ಹೊಟ್ಟೆಗಿಳಿಯುವ ಟ್ಯೂಬಿನೊಂದಿಗೋ, ಹೊಟ್ಟೆಯ ಗೋಡೆಯ ಮೂಲಕ ನೇರವಾಗಿ ಜಠರಕ್ಕೆ ಹೋಗುವ ಗ್ಯಾಸ್ಟ್ರೋಸ್ಟಮಿ ಟ್ಯೂಬಿನೊಂದಿಗೋ ಮನೆಗೆ ಬರುತ್ತಾರೆ. ಮೂಲ ಕಾಯಿಲೆ ಹತೋಟಿಗೆ ಬಂದು, ನುಂಗುವ ಶಕ್ತಿಯೂ ಇದ್ದು, ಆದರೂ ಮಗು ಬಾಯಿಂದ ಉಣ್ಣಲು ಒಪ್ಪದೆ ಟ್ಯೂಬನ್ನೇ ನೆಚ್ಚಿಕೊಂಡಿರುವ ಸ್ಥಿತಿಯನ್ನು ವೈದ್ಯರು ಟ್ಯೂಬ್ ಅವಲಂಬನೆ ಎನ್ನುತ್ತಾರೆ.

ತೂಕ ಕಡಿಮೆಯಿರುವ ಮಕ್ಕಳಲ್ಲಿ ಈ ಅವಲಂಬನೆ ಇನ್ನಷ್ಟು ಬಿಗಿಯಾಗುತ್ತದೆ. ತೂಕ ಏರಲೆಂದು ಟ್ಯೂಬಿನ ಪ್ರಮಾಣವನ್ನು ಹೆಚ್ಚಿಸಲಾಗುತ್ತದೆ. ಹೊಟ್ಟೆ ಸದಾ ತುಂಬಿರುವುದರಿಂದ ಹಸಿವು ಹುಟ್ಟುವುದಿಲ್ಲ. ಹಸಿವಿಲ್ಲದ ಮಗು ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಕಾರಣಕ್ಕೇ ಟ್ಯೂಬ್ ಮುಂದುವರಿಯುತ್ತದೆ. ಪ್ರಮಾಣ ತಗ್ಗಿಸಿದರೆ ಇರುವ ತೂಕವೂ ಇಳಿದೀತೆಂಬ ಭಯ, ತಗ್ಗಿಸದಿದ್ದರೆ ಹಸಿವಿಗೆ ಜಾಗವೇ ಇಲ್ಲ. ಹಸಿವಿಗೆ ಜಾಗ ಮಾಡಿಕೊಡಲೇಬೇಕು, ಆದರೆ ಎಷ್ಟು ಜಾಗ, ಎಷ್ಟು ವೇಗವಾಗಿ ಎಂಬುದನ್ನು ಮಗುವಿನ ಮೈಯಲ್ಲಿರುವ ದಾಸ್ತಾನು ನಿರ್ಧರಿಸಬೇಕೇ ಹೊರತು ಕ್ಯಾಲೆಂಡರ್ ಅಲ್ಲ. ಕೆಳಗಿನ ಹಂತಗಳೆಲ್ಲ ಈ ಒಂದು ಲೆಕ್ಕಾಚಾರದ ಮೇಲೆ ನಿಂತಿವೆ. ಇವುಗಳನ್ನು ಮಗುವನ್ನು ಬಲ್ಲ ಮಕ್ಕಳ ವೈದ್ಯರು, ಡಯಟೀಷಿಯನ್ ಮತ್ತು ನುಂಗುವಿಕೆಯಲ್ಲಿ ಪರಿಣತಿಯಿರುವ ಸ್ಪೀಚ್ ಥೆರಪಿಸ್ಟ್ ಜೊತೆ ಕುಳಿತು ಮಗುವಿಗೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಮನೆಯವರು ತಾವಾಗಿಯೇ ಟ್ಯೂಬಿನ ಆಹಾರವನ್ನು ಕಡಿತಗೊಳಿಸುವುದು ಅಪಾಯಕಾರಿ.

ಹಂತ 1: ಬಾಯಿಂದ ಉಣ್ಣುವುದು ಸುರಕ್ಷಿತವೇ ಎಂದು ಖಚಿತಪಡಿಸಿಕೊಳ್ಳಿ

ನುಂಗಿದ ಆಹಾರ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುವ ಮಕ್ಕಳಿದ್ದಾರೆ, ಅವರಲ್ಲಿ ಕೆಲವರಿಗೆ ಆ ಹೊತ್ತಿನಲ್ಲಿ ಕೆಮ್ಮು ಕೂಡ ಬರುವುದಿಲ್ಲ. ಮತ್ತೆ ಮತ್ತೆ ನ್ಯುಮೋನಿಯಾ ಆಗುವುದು, ಕುಡಿದ ಮೇಲೆ ಧ್ವನಿ ಗೊರಗೊರ ಎನ್ನುವುದು, ಉಣ್ಣುವಾಗ ಮುಖದ ಬಣ್ಣ ಬದಲಾಗುವುದು ಇದರ ಸುಳಿವುಗಳು. ಸಂಶಯವಿದ್ದರೆ ಎಕ್ಸ್-ರೇ ವಿಡಿಯೋ ಮೂಲಕವೋ, ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿಯೋ ನುಂಗುವಿಕೆಯನ್ನು ಪರೀಕ್ಷಿಸುತ್ತಾರೆ. ಇದು ತೀರ್ಮಾನವಾಗದೆ ಮುಂದಿನ ಯಾವ ಹಂತಕ್ಕೂ ಹೋಗುವಂತಿಲ್ಲ.

ಹಸಿವನ್ನು ಒಳಗಿನಿಂದಲೇ ಅಡಗಿಸುವ ಕಾರಣಗಳನ್ನೂ ಇದೇ ಹೊತ್ತಿನಲ್ಲಿ ಹುಡುಕಬೇಕು. ಮಲಬದ್ಧತೆ, ಹೊಟ್ಟೆಯ ಆಮ್ಲ ಮೇಲೇರುವ ರಿಫ್ಲಕ್ಸ್, ಕಬ್ಬಿಣಾಂಶದ ಕೊರತೆ, ಆಹಾರದ ಅಲರ್ಜಿ, ಹುಳುಕು ಹಲ್ಲು ಇವುಗಳಲ್ಲಿ ಯಾವುದೊಂದು ಉಳಿದುಕೊಂಡರೂ ಟ್ಯೂಬಿನ ಪ್ರಮಾಣ ಎಷ್ಟು ಇಳಿಸಿದರೂ ಮಗು ಉಣ್ಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಮಲಬದ್ಧತೆಗೆ ಸಿಗಬೇಕಾದಷ್ಟು ಗಮನ ಸಿಗುವುದೇ ಇಲ್ಲ. ಉಪವಾಸ ತಡೆಯದ ಚಯಾಪಚಯ ಕಾಯಿಲೆಗಳಿರುವ, ಅಂದರೆ ಕೆಲವೇ ಗಂಟೆ ಆಹಾರವಿಲ್ಲದಿದ್ದರೆ ರಕ್ತದ ಸಕ್ಕರೆ ಕುಸಿಯುವ ಮಕ್ಕಳಿಗೆ ಇಲ್ಲಿ ಹೇಳುವ ಹಸಿವಿನ ವಿಧಾನ ಅನ್ವಯಿಸುವುದಿಲ್ಲ. ಸದ್ಯದಲ್ಲೇ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಅದು ಮುಗಿದು ಮಗು ಚೇತರಿಸಿಕೊಳ್ಳುವವರೆಗೆ ಕಾಯುವುದು ಮೇಲು.

ಹಂತ 2: ತೂಕದ ದಾಸ್ತಾನನ್ನು ಅಳೆಯಿರಿ

ವಯಸ್ಸಿಗೆ ಹೋಲಿಸಿದ ತೂಕಕ್ಕಿಂತ, ಉದ್ದಕ್ಕೆ ಹೋಲಿಸಿದ ತೂಕ ಇಲ್ಲಿ ಹೆಚ್ಚು ಉಪಯುಕ್ತ. ಹುಟ್ಟಿನಿಂದಲೇ ಗಿಡ್ಡವಾಗಿರುವ ಮಗು ವಯಸ್ಸಿಗೆ ತಕ್ಕ ತೂಕವಿಲ್ಲದಿದ್ದರೂ ತನ್ನ ಉದ್ದಕ್ಕೆ ಸರಿಯಾದ ತೂಕ ಹೊಂದಿರಬಹುದು, ಅಂಥ ಮಗುವನ್ನು ಬಲವಂತವಾಗಿ ದಪ್ಪಗಾಗಿಸಲು ಹೊರಟರೆ ಹಸಿವು ಕಳೆದುಹೋಗುವುದಷ್ಟೇ ಫಲ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಉದ್ದಕ್ಕೆ ತಕ್ಕ ತೂಕದ ಅಂಕ, ಅಂದರೆ ಅದೇ ಉದ್ದದ ಆರೋಗ್ಯವಂತ ಮಕ್ಕಳ ನಡುಮಟ್ಟದ ತೂಕದಿಂದ ಮಗು ಎಷ್ಟು ದೂರದಲ್ಲಿದೆ ಎಂದು ಹೇಳುವ ಝಡ್-ಸ್ಕೋರ್, −2ಕ್ಕಿಂತ ಕೆಳಗಿದ್ದರೆ ಅದು ಅಪೌಷ್ಟಿಕತೆ, −3ಕ್ಕಿಂತ ಕೆಳಗಿದ್ದರೆ ತೀವ್ರ ಅಪೌಷ್ಟಿಕತೆ. 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೂ ತೀವ್ರ ಎಂದೇ ಪರಿಗಣಿಸುತ್ತಾರೆ. ತೀವ್ರ ಅಪೌಷ್ಟಿಕತೆ ಇರುವ ಮಗುವಿನಲ್ಲಿ ಟ್ಯೂಬ್ ಬಿಡಿಸುವ ಮಾತನ್ನು ಬದಿಗಿಟ್ಟು, ಮೊದಲು ವೈದ್ಯರ ಕಣ್ಗಾವಲಿನಲ್ಲಿ ಪೋಷಣೆಯನ್ನು ಸರಿಪಡಿಸಬೇಕು.

ಟ್ಯೂಬಿನ ಪ್ರಮಾಣ ಇಳಿಸಲು ತೊಡಗಿದಾಗ ತೂಕ ಕೊಂಚ ಇಳಿಯುವುದು, ಇಲ್ಲವೇ ಕೆಲವು ವಾರ ನಿಂತಲ್ಲೇ ನಿಲ್ಲುವುದು ನಿರೀಕ್ಷಿತವೇ. ಹಲವು ಚಿಕಿತ್ಸಾ ತಂಡಗಳು ಆರಂಭದ ತೂಕದ ಶೇಕಡ 10ರಷ್ಟು ಇಳಿಕೆಯನ್ನು ದಾಟಬಾರದ ಗೆರೆಯನ್ನಾಗಿ ಇಟ್ಟುಕೊಳ್ಳುತ್ತವೆ. 8 ಕಿಲೋ ತೂಕದ ಮಗುವಿಗೆ ಅದು 800 ಗ್ರಾಂ ಆಯಿತು, ಮೊದಲೇ ಸೊರಗಿದ ಮಗುವಿಗೆ ಇದು ಹೆಚ್ಚೆಂದೇ ನನ್ನ ಅಭಿಪ್ರಾಯ. ಅಂಥವರಿಗೆ ಶೇಕಡ 5ರೊಳಗೆ, ಅಂದರೆ ಇದೇ ಮಗುವಿಗೆ 400 ಗ್ರಾಂ ಒಳಗೆ ಗೆರೆ ಎಳೆಯುವುದು ಸೂಕ್ತವೇ ಎಂದು ವೈದ್ಯರನ್ನು ಕೇಳಿ, ಒಪ್ಪಿದ ಅಂಕಿಯನ್ನು ಕೆಲಸ ಆರಂಭವಾಗುವ ಮೊದಲೇ ಬರೆದಿಟ್ಟುಕೊಳ್ಳಿ. ನಡುವೆ ಗಾಬರಿಯಾದಾಗ ಹೊಸ ಗೆರೆ ಎಳೆಯಲು ಹೋದರೆ ಅದು ಸಾಮಾನ್ಯವಾಗಿ ತಪ್ಪಾದ ಜಾಗದಲ್ಲೇ ಬೀಳುತ್ತದೆ. ಇಷ್ಟು ಇಳಿಕೆಗೂ ಅವಕಾಶವಿಲ್ಲದಷ್ಟು ತೂಕ ಕಡಿಮೆಯಿದ್ದರೆ ಮುಂದಿನ ಎರಡು ಹಂತಗಳನ್ನು ಮಾತ್ರ ಆರಂಭಿಸಿ, ಅಷ್ಟರಲ್ಲಿ ತೂಕ ಕೂಡಿಸಿಕೊಳ್ಳಬಹುದು. ಆ ಎರಡಕ್ಕೂ ಒಟ್ಟು ಕ್ಯಾಲೊರಿ ತಗ್ಗಿಸಬೇಕಾಗಿಲ್ಲ.

ಹಂತ 3: ಬಾಯಿಗಿರುವ ಹೆದರಿಕೆಯನ್ನು ಕಳೆಯಿರಿ

ಉಸಿರಾಟದ ನಳಿಕೆ, ಕಫ ಎಳೆಯುವ ಸಕ್ಷನ್, ಮೂಗಿಗೆ ಅಂಟಿಸಿದ ಟೇಪ್, ಪದೇ ಪದೇ ಬರುವ ವಾಂತಿ: ಈ ಮಕ್ಕಳ ಬಾಯಿ ಮತ್ತು ಮುಖಕ್ಕೆ ಬಂದ ಅನುಭವಗಳಲ್ಲಿ ಹೆಚ್ಚಿನವು ನೋವಿನವೇ. ಹಸಿವಿಗೆ ರುಚಿ ಗೊತ್ತಿಲ್ಲ ಎಂಬ ಮಾತು ಇವರ ಮಟ್ಟಿಗೆ ಪೂರ್ತಿ ನಿಜವಲ್ಲ, ಏಕೆಂದರೆ ಹಸಿದಿದ್ದರೂ ಚಮಚ ಕಂಡೊಡನೆ ಮುಖ ತಿರುಗಿಸುವ ಮಗುವಿಗೆ ಚಮಚವೇ ಬೆದರಿಕೆಯಾಗಿರುತ್ತದೆ. ಆದ್ದರಿಂದ ಟ್ಯೂಬಿನ ಪ್ರಮಾಣವನ್ನು ಮುಟ್ಟುವ ಮೊದಲೇ, ತಿನ್ನಿಸುವ ಉದ್ದೇಶವಿಲ್ಲದೆ, ಆಹಾರದೊಂದಿಗೆ ಆಟವಾಡಲು ಬಿಡಬೇಕು. ನೆಲದ ಮೇಲೆ ಹಾಳೆ ಹಾಸಿ, ಬೇರೆ ಬೇರೆ ಬಣ್ಣ ಮತ್ತು ಹದದ ತಿನಿಸುಗಳನ್ನು ತೆರೆದ ಬಟ್ಟಲುಗಳಲ್ಲಿಟ್ಟು, ಮಗುವನ್ನು ನಡುವೆ ಕೂರಿಸಿ, ದೊಡ್ಡವರು ತಮ್ಮ ಪಾಡಿಗೆ ತಾವು ತಿನ್ನುತ್ತಿದ್ದರೆ ಸಾಕು. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ರೂಪುಗೊಂಡು ಪ್ರಸಿದ್ಧವಾದ ಟ್ಯೂಬ್ ಬಿಡಿಸುವ ಕ್ರಮದಲ್ಲಿ ಆಟದ ಪಿಕ್ನಿಕ್ ಎಂದು ಕರೆಯುವ ಇದೇ ಚಟುವಟಿಕೆಗೆ ಮುಖ್ಯ ಸ್ಥಾನವಿದೆ.

ಮಗು ಕಲಸುತ್ತದೆ, ಬಳಿಯುತ್ತದೆ, ಎಸೆಯುತ್ತದೆ. ನೋಡುವುದು, ಮುಟ್ಟುವುದು, ಮೂಸುವುದು, ತುಟಿಗೆ ತಾಗಿಸುವುದು, ನೆಕ್ಕುವುದು, ಬಾಯೊಳಗಿಟ್ಟು ಉಗಿಯುವುದು ಇವೆಲ್ಲ ನುಂಗುವುದಕ್ಕೆ ಮೊದಲಿನ ಮೆಟ್ಟಿಲುಗಳು. ಉಗಿದದ್ದಕ್ಕೆ ಬೈಯುವಂತೆಯೂ ಇಲ್ಲ, ನೆಕ್ಕಿದ್ದಕ್ಕೆ ಚಪ್ಪಾಳೆ ತಟ್ಟುವಂತೆಯೂ ಇಲ್ಲ. ಹೊಗಳಿಕೆಯೂ ಒಂದು ಬಗೆಯ ಒತ್ತಾಯವೇ, ಮಕ್ಕಳು ಅದನ್ನು ಬಹಳ ಬೇಗ ಗುರುತಿಸುತ್ತಾರೆ. ಟ್ಯೂಬಿನಲ್ಲಿ ಆಹಾರ ಹೋಗುವ ವೇಳೆಯಲ್ಲೂ ಮಗುವನ್ನು ಮನೆಯವರ ಊಟದ ಜಾಗದಲ್ಲೇ ಕೂರಿಸಿಕೊಂಡರೆ, ಹೊಟ್ಟೆ ತುಂಬುವುದಕ್ಕೂ ಊಟದ ವಾಸನೆ, ನೋಟ, ಮಾತುಗಳಿಗೂ ನಂಟು ಬೆಳೆಯುತ್ತದೆ.

ಬಾಯಿಯ ಕಹಿ ಔಷಧಿಗಳನ್ನು ಮಗು ಹೊಸದಾಗಿ ಇಷ್ಟಪಡುತ್ತಿರುವ ತಿನಿಸಿನಲ್ಲಿ ಎಂದೂ ಬೆರೆಸಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಆ ತಿನಿಸು ತಿಂಗಳುಗಟ್ಟಲೆ ಕೈತಪ್ಪುತ್ತದೆ. ಟ್ಯೂಬ್ ಇರುವಷ್ಟು ದಿನ ಔಷಧಿ ಅದರಲ್ಲೇ ಹೋಗಲಿ.

ಹಂತ 4: ಟ್ಯೂಬಿನ ವೇಳಾಪಟ್ಟಿಯನ್ನು ಊಟದ ಹೊತ್ತಿಗೆ ಹೊಂದಿಸಿ

ಪಂಪಿನ ಮೂಲಕ ಇಡೀ ದಿನ ಹನಿ ಹನಿಯಾಗಿ ಆಹಾರ ಪಡೆಯುವ ಮಗುವಿಗೆ ಹೊಟ್ಟೆ ಖಾಲಿಯಾಗುವುದು, ತುಂಬುವುದು ಎಂಬ ಎರಡು ಅನುಭವಗಳೇ ಇರುವುದಿಲ್ಲ. ಅದನ್ನು ಮೊದಲು ಹಗಲಿನ ನಾಲ್ಕೈದು ಬೋಲಸ್‌ಗಳಾಗಿ, ಅಂದರೆ ಒಂದೊಂದು ಸಲಕ್ಕೆ ನಿಗದಿತ ಪ್ರಮಾಣದಂತೆ, ಬದಲಾಯಿಸಬೇಕು. ಪಂಪಿನ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಒಂದು ಬೋಲಸ್ 20–30 ನಿಮಿಷದಲ್ಲಿ ಮುಗಿಯುವಂತೆ ತರುವುದು ಗುರಿ. ವಾಂತಿ ಅಥವಾ ಓಕರಿಕೆ ಹೆಚ್ಚಿದರೆ ಒಂದು ಹೆಜ್ಜೆ ಹಿಂದೆ ಸರಿದು, ಕೆಲವು ದಿನ ಅಲ್ಲೇ ನಿಲ್ಲಿ.

ತೂಕ ಕಡಿಮೆಯಿರುವ ಮಕ್ಕಳ ಕ್ಯಾಲೊರಿಗಳಲ್ಲಿ ದೊಡ್ಡ ಪಾಲು ರಾತ್ರಿ ನಿದ್ದೆಯಲ್ಲಿ ಹೋಗುವ ರೂಢಿ ಇದೆ. ಅದರಿಂದ ತೂಕ ಏರುತ್ತದೆ ನಿಜ, ಆದರೆ ಬೆಳಗಿನ ಹಸಿವು, ದಿನದಲ್ಲೇ ಅತ್ಯುತ್ತಮವಾದ ಹಸಿವು, ಹಾಳಾಗುತ್ತದೆ. ವೈದ್ಯರು ಒಪ್ಪಿದರೆ ರಾತ್ರಿಯ ಪಂಪನ್ನು ಒಮ್ಮೆಲೇ ನಿಲ್ಲಿಸದೆ, ಬೆಳಗಿನ ತುದಿಯಿಂದ ಗಂಟೆ ಗಂಟೆಯಾಗಿ ಮೊಟಕುಗೊಳಿಸುತ್ತಾ ಬನ್ನಿ. ಪಂಪ್ ನಿಂತು ಮೂರು ನಾಲ್ಕು ಗಂಟೆ ಕಳೆದ ಮೇಲೆ ಬೆಳಗಿನ ತಿಂಡಿಯ ಹೊತ್ತು ಬರುವಂತಾದರೆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಕ್ಯಾಲೊರಿ ಕಡಿಮೆಯಾಗದಂತೆ ನೋಡಿಕೊಳ್ಳಲು ಮಿಲಿಲೀಟರಿಗೆ 1 ಕ್ಯಾಲೊರಿ ಇರುವ ಫಾರ್ಮುಲಾದ ಬದಲು 1.5 ಕ್ಯಾಲೊರಿ ಇರುವುದನ್ನು ಡಯಟೀಷಿಯನ್ ಸೂಚಿಸಬಹುದು. ಆಗ 800 ಕ್ಯಾಲೊರಿಗೆ 800 ಮಿಲಿಲೀಟರ್ ಬದಲು ಸುಮಾರು 530 ಮಿಲಿಲೀಟರ್ ಸಾಕಾಗುತ್ತದೆ, ಹೊಟ್ಟೆಯಲ್ಲಿ ಜಾಗ ಉಳಿಯುತ್ತದೆ. ಕೈಬಿಟ್ಟ ನೀರಿನ ಭಾಗವನ್ನು ಬೇರೆಯಾಗಿ ಕೊಡಬೇಕೆಂಬುದನ್ನು ಮರೆಯಬಾರದು. ಮನೆಯಲ್ಲೇ ಫಾರ್ಮುಲಾ ಪುಡಿಯನ್ನು ಗಟ್ಟಿಯಾಗಿ ಕಲಸಿ ಈ ಕೆಲಸ ಸಾಧಿಸಲು ಹೋಗುವುದು ಮೂತ್ರಪಿಂಡಕ್ಕೂ ಕರುಳಿಗೂ ಭಾರ.

ಹಂತ 5: ಕ್ಯಾಲೊರಿಯನ್ನು ತಗ್ಗಿಸಿ, ನೀರನ್ನು ಉಳಿಸಿಕೊಳ್ಳಿ

ಟ್ಯೂಬ್ ಬಿಡಿಸುವುದರಲ್ಲಿ ಎರಡು ದಾರಿಗಳಿವೆ. ಗ್ರಾಜ್ ಮಾದರಿಯಂಥ ಕ್ರಮಗಳಲ್ಲಿ, ವೈದ್ಯರು ದಿನವೂ ನೋಡುತ್ತಿರುವಾಗ, ಕೆಲವೇ ದಿನಗಳಲ್ಲಿ ಟ್ಯೂಬಿನ ಆಹಾರವನ್ನು ಬಹುಪಾಲು ಇಳಿಸಿಬಿಡುತ್ತಾರೆ. ತೀವ್ರವಾದ ಹಸಿವು ಬೇಗ ಕಲಿಸುತ್ತದೆ ಎಂಬುದು ಅದರ ತರ್ಕ, ಅದರಿಂದ ಪೂರ್ತಿ ಟ್ಯೂಬ್ ಬಿಟ್ಟ ಮಕ್ಕಳು ಬಹಳ ಇದ್ದಾರೆ. ಇನ್ನೊಂದು, ವಾರಗಳು ಮತ್ತು ತಿಂಗಳುಗಳ ಮೇಲೆ ಹರಡಿದ ನಿಧಾನದ ದಾರಿ. ತೂಕ ಕಡಿಮೆಯಿರುವ ಮಗುವಿಗೆ ಮನೆಯಲ್ಲಿ ಎರಡನೆಯದೇ ಸರಿ. ಮೊದಲನೆಯದನ್ನು ಅದಕ್ಕೆಂದೇ ಇರುವ ಚಿಕಿತ್ಸಾ ಕೇಂದ್ರದ ಉಸ್ತುವಾರಿಯಲ್ಲಿ ಮಾತ್ರ ಯೋಚಿಸಬಹುದು.

ನಿಧಾನದ ದಾರಿಯಲ್ಲೂ ಇಳಿಕೆ ಹಸಿವು ಹುಟ್ಟಿಸುವಷ್ಟು ಇರಬೇಕು. ದಿನಕ್ಕೆ 10–20 ಮಿಲಿಲೀಟರ್‌ನಂತೆ ಕದ್ದುಮುಚ್ಚಿ ಇಳಿಸಿದರೆ ಮಗುವಿಗೆ ಹಸಿವಾಗುವುದಿಲ್ಲ, ತೂಕ ಮಾತ್ರ ಸದ್ದಿಲ್ಲದೆ ಸೋರುತ್ತದೆ. ಸಾಮಾನ್ಯವಾಗಿ ಒಟ್ಟು ಕ್ಯಾಲೊರಿಯ ಶೇಕಡ 10ರಿಂದ 25ರಷ್ಟನ್ನು ಒಂದು ಸಲಕ್ಕೆ ಇಳಿಸಿ, ಒಂದೆರಡು ವಾರ ಅಲ್ಲೇ ನಿಂತು, ತೂಕ ಮತ್ತು ಬಾಯಿಯ ಊಟ ಎರಡನ್ನೂ ನೋಡಿ ಮುಂದಿನ ಇಳಿಕೆಗೆ ಹೋಗುತ್ತಾರೆ. ತೂಕ ಕಡಿಮೆಯಿರುವ ಮಗುವಿನಲ್ಲಿ ಶೇಕಡ 10ರಿಂದ ಆರಂಭಿಸುವುದು ಒಳ್ಳೆಯದು. ಎಲ್ಲ ಬೋಲಸ್‌ಗಳಿಂದ ಸ್ವಲ್ಪ ಸ್ವಲ್ಪ ತೆಗೆಯುವುದಕ್ಕಿಂತ ಒಂದೇ ಬೋಲಸ್‌ನಿಂದ, ಮಗು ಸಹಜವಾಗಿ ಉತ್ಸಾಹದಿಂದಿರುವ ಹೊತ್ತಿನದರಿಂದ, ತೆಗೆದರೆ ಆ ಒಂದು ಊಟದ ಹೊತ್ತಿಗಾದರೂ ನಿಜವಾದ ಹಸಿವು ಸಿಗುತ್ತದೆ. ಬಾಯಿಂದ ಊಟ ಮೊದಲು, ಟ್ಯೂಬ್ ಆಮೇಲೆ ಎಂಬ ಕ್ರಮವನ್ನು ಬದಲಿಸಬೇಡಿ. ಹಾಗೆಂದು ಬಾಯಿಂದ ಬಿಟ್ಟದ್ದನ್ನೆಲ್ಲ ಕೂಡಲೇ ಟ್ಯೂಬಿನಲ್ಲಿ ತುಂಬಿಸಲು ಹೋಗಬೇಡಿ. ಹಾಗೆ ಮಾಡಿದರೆ ಉಂಡರೂ ಉಣ್ಣದಿದ್ದರೂ ಹೊಟ್ಟೆ ತುಂಬುತ್ತದೆ ಎಂಬ ಪಾಠವನ್ನೇ ಮಗು ಕಲಿಯುತ್ತದೆ.

ಕಡಿತಗೊಳ್ಳಬೇಕಾದದ್ದು ಕ್ಯಾಲೊರಿಯೇ ಹೊರತು ನೀರಲ್ಲ. ಮೊದಲ 10 ಕಿಲೋ ತೂಕದವರೆಗೆ ಕಿಲೋ ಒಂದಕ್ಕೆ ದಿನಕ್ಕೆ 100 ಮಿಲಿಲೀಟರ್ ದ್ರವ ಎಂಬುದು ಮಕ್ಕಳ ವೈದ್ಯರು ಬಳಸುವ ಹಳೆಯ ಲೆಕ್ಕ, ಅದರಂತೆ 8 ಕಿಲೋ ಮಗುವಿಗೆ ಹಾಲು, ಆಹಾರದಲ್ಲಿನ ನೀರು ಎಲ್ಲ ಸೇರಿ ಸುಮಾರು 800 ಮಿಲಿಲೀಟರ್ ಬೇಕು. ಬಾಯಿಂದ ಕುಡಿಯುವುದು ರೂಢಿಯಾಗುವವರೆಗೆ, ತೆಗೆದ ಫಾರ್ಮುಲಾದ ಜಾಗದಲ್ಲಿ ವೈದ್ಯರು ಹೇಳಿದಷ್ಟು ನೀರನ್ನು ಟ್ಯೂಬಿನಲ್ಲೇ, ಊಟದ ಹೊತ್ತಿನಿಂದ ದೂರದಲ್ಲಿ ಕೊಡಬಹುದು. ನೀರಿನಿಂದ ಹಸಿವು ಬಹುಕಾಲ ಅಡಗುವುದಿಲ್ಲ.

ಹಂತ 6: ಊಟದ ಹೊತ್ತಿನಲ್ಲಿ ನಡೆದುಕೊಳ್ಳುವ ರೀತಿ

ಯಾವಾಗ, ಎಲ್ಲಿ, ಏನು ಎಂಬುದನ್ನು ದೊಡ್ಡವರು ನಿರ್ಧರಿಸುತ್ತಾರೆ; ಉಣ್ಣಬೇಕೇ, ಎಷ್ಟು ಎಂಬುದನ್ನು ಮಗು ನಿರ್ಧರಿಸುತ್ತದೆ. ಹೇಳಲು ಸುಲಭವಾದ ಈ ಹಂಚಿಕೆಯನ್ನು ತೂಕ ಕಡಿಮೆಯಿರುವ ಮಗುವಿನ ಮನೆಯಲ್ಲಿ ಪಾಲಿಸುವುದು ಬಹಳ ಕಷ್ಟ, ಏಕೆಂದರೆ ಅಲ್ಲಿ ಪ್ರತಿ ತುತ್ತಿಗೂ ಗ್ರಾಂ ಲೆಕ್ಕದ ಬೆಲೆ ಬಂದುಬಿಟ್ಟಿರುತ್ತದೆ. ಆದರೂ ಬಾಯಿಗೆ ತುರುಕುವುದು, ನಿದ್ದೆಗಣ್ಣಲ್ಲಿ ಉಣಿಸುವುದು, ಮೊಬೈಲ್ ತೋರಿಸಿ ಬಾಯಿ ತೆರೆಸುವುದು ಈ ಮೂರನ್ನೂ ಬಿಡಲೇಬೇಕು. ಮೊಬೈಲ್ ನೋಡುತ್ತಾ ಉಂಡ ಮಗುವಿಗೆ ತನ್ನ ಹಸಿವೂ ತಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ನಾವು ಕಲಿಸಬೇಕೆಂದು ಹೊರಟದ್ದೇ ಆ ಎರಡನ್ನು.

ದಿನಕ್ಕೆ ಮೂರು ಊಟ, ಎರಡು ಮೂರು ಲಘು ತಿಂಡಿ, ನಡುವೆ ಎರಡರಿಂದ ಎರಡೂವರೆ ಗಂಟೆಯ ಬಿಡುವು ಸಾಕು. ಬಿಡುವಿನಲ್ಲಿ ನೀರನ್ನು ಬಿಟ್ಟು ಬೇರೇನೂ ಬೇಡ. ಒಂದು ಊಟ 20–30 ನಿಮಿಷ ದಾಟಬಾರದು. ಮುಖ ತಿರುಗಿಸಿದರೆ, ತಟ್ಟೆ ದೂಡಿದರೆ, ಬೆನ್ನು ಸೆಟೆದರೆ ಅದಕ್ಕೂ ಮೊದಲೇ ಶಾಂತವಾಗಿ ಮುಗಿಸಿ. ಸೊಂಟ ಮತ್ತು ಮೊಣಕಾಲುಗಳು ಲಂಬಕೋನದಲ್ಲಿ ಮಡಚಿ, ಪಾದಕ್ಕೆ ಆಸರೆ ಸಿಗುವಂತೆ ಕೂರಿಸಿ. ಕಾಲು ಜೋತುಬಿದ್ದ ಮಗುವಿನ ಶಕ್ತಿಯೆಲ್ಲ ಕುಳಿತುಕೊಳ್ಳುವುದಕ್ಕೇ ಖರ್ಚಾಗುತ್ತದೆ. ಬಟ್ಟಲಿನಲ್ಲಿ ಒಂದೆರಡು ಚಮಚದಷ್ಟೇ ಹಾಕಿ, ಕೇಳಿದರೆ ಮತ್ತೆ ಹಾಕಿ. ಒಂದು ಚಮಚ ಮಗುವಿನ ಕೈಯಲ್ಲಿರಲಿ. ನಿಮ್ಮ ಕೈಯ ಚಮಚ ತುಟಿಯಿಂದ ಸ್ವಲ್ಪ ದೂರದಲ್ಲೇ ನಿಲ್ಲಲಿ, ಉಳಿದ ದೂರವನ್ನು ಮಗುವೇ ಮುಂದೆ ಬಾಗಿ ದಾಟಲಿ.

ಓಕರಿಕೆ ಬಂದಾಗ ಮನೆಯವರ ಮುಖದಲ್ಲಿ ಗಾಬರಿ ಕಾಣಿಸಿಕೊಂಡರೆ ಮಗು ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಓಕರಿಕೆ ಸದ್ದಿನೊಂದಿಗೆ ಬರುತ್ತದೆ, ಕಲಿಕೆಯ ಭಾಗವೂ ಹೌದು. ಸದ್ದಿಲ್ಲದೆ ಉಸಿರು ಕಟ್ಟಿ ಬಣ್ಣ ಬದಲಾಗುವುದು ಬೇರೆ, ಅದು ತುರ್ತು ಸ್ಥಿತಿ. ಈ ವ್ಯತ್ಯಾಸವನ್ನೂ, ಗಂಟಲಿಗೆ ಸಿಕ್ಕಿಕೊಂಡಾಗ ಮಾಡಬೇಕಾದ ಪ್ರಥಮ ಚಿಕಿತ್ಸೆಯನ್ನೂ ಉಣಿಸುವ ಪ್ರತಿಯೊಬ್ಬರೂ ಮೊದಲೇ ಕಲಿತಿರಬೇಕು. ಇಡಿಯಾದ ಬೀಜಗಳು, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು ಇತ್ಯಾದಿ ಗಟ್ಟಿ ಅಥವಾ ಗುಂಡನೆಯ ತಿನಿಸುಗಳನ್ನು ದೂರವಿಡಿ. ಜಗಿಯಲು ಕಲಿಯದ ಮಗು ವಯಸ್ಸಿನಲ್ಲಿ ದೊಡ್ಡದಾದರೂ, ನಯವಾದ ಆಹಾರದಿಂದಲೇ ಆರಂಭಿಸಬೇಕು.

ಹಂತ 7: ಕಡಿಮೆ ತುತ್ತಿನಲ್ಲಿ ಹೆಚ್ಚು ಶಕ್ತಿ

ಮೊದಲ ವಾರಗಳಲ್ಲಿ ಮಗು ತಿನ್ನುವುದು ಕೆಲವೇ ಚಮಚ, ಹಾಗಾಗಿ ಹೊಟ್ಟೆಗೆ ಹೋಗುವ ಪ್ರತಿ ಚಮಚವೂ ಗಟ್ಟಿಯಾಗಿರಬೇಕು. ಒಂದು ಸಣ್ಣ ಚಮಚ, ಅಂದರೆ 5 ಮಿಲಿಲೀಟರ್ ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ ಇರುತ್ತದೆ. ದಿನಕ್ಕೆ 800 ಕ್ಯಾಲೊರಿ ಪಡೆಯುವ ಮಗುವಿಗೆ ಶೇಕಡ 10ರಷ್ಟು ಇಳಿಸಿದಾಗ ಕೊರತೆ ಬೀಳುವುದು 80 ಕ್ಯಾಲೊರಿ. ದಿನವಿಡೀ ತಿನ್ನುವ ಆಹಾರದಲ್ಲಿ ಎರಡು ಚಮಚ ಎಣ್ಣೆ ಅಥವಾ ಸುಮಾರು ಅಷ್ಟೇ ಬೆಣ್ಣೆ ಸೇರಿದರೆ ಅದು ತುಂಬಿಬಿಡುತ್ತದೆ. ಗಟ್ಟಿ ಮೊಸರು, ನುಣ್ಣಗೆ ಅರೆದ ಬೀಜಗಳ ಪೇಸ್ಟ್, ಮೊಟ್ಟೆ, ಕೆನೆಭರಿತ ಹಾಲು ಇವೂ ಇದೇ ಉಪಕಾರ ಮಾಡುತ್ತವೆ, ಅಲರ್ಜಿ ಇಲ್ಲವೆಂದು ಖಚಿತವಾದ ಮೇಲೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡ. ಹಣ್ಣಿನ ರಸ, ತೆಳ್ಳಗಿನ ಸೂಪ್ ಮುಂತಾದವು ಹೊಟ್ಟೆ ತುಂಬಿಸುತ್ತವೆ, ತೂಕ ತುಂಬಿಸುವುದಿಲ್ಲ.

ಹಸಿವು ಹೆಚ್ಚಿಸುವ ಔಷಧಿಯಾಗಿ ಕೆಲವು ವೈದ್ಯರು ಸೈಪ್ರೊಹೆಪ್ಟಡಿನ್ ಬರೆಯುವುದುಂಟು. ತೂಕಡಿಕೆ ಅದರ ಸಾಮಾನ್ಯ ಅಡ್ಡಪರಿಣಾಮ. ಅದು ವೈದ್ಯರ ತೀರ್ಮಾನಕ್ಕೆ ಬಿಟ್ಟದ್ದು; ಸ್ವಂತ ನಿರ್ಧಾರದಿಂದ ತಂದು ಕೊಡುವಂಥದ್ದಲ್ಲ.

ಹಂತ 8: ಏನನ್ನು ಗಮನಿಸಬೇಕು, ಯಾವಾಗ ನಿಲ್ಲಿಸಬೇಕು

ವಾರಕ್ಕೊಮ್ಮೆ, ಅದೇ ತೂಕದ ಯಂತ್ರದಲ್ಲಿ, ಅದೇ ಹೊತ್ತಿನಲ್ಲಿ, ಬಟ್ಟೆಯಿಲ್ಲದೆ ತೂಗಿ. ಮನೆಯಲ್ಲಿ ದಿನವೂ ತೂಗುವುದರಿಂದ ತಿಳಿಯುವುದು ಕಡಿಮೆ, ಆತಂಕ ಹೆಚ್ಚು, ಆ ಆತಂಕ ಮರುಊಟದಲ್ಲಿ ಒತ್ತಾಯವಾಗಿ ಹೊರಬರುತ್ತದೆ. ದಿನವೂ ಬರೆದಿಡಬೇಕಾದವು ಬೇರೆ: ಬಾಯಿಂದ ಹೋದದ್ದು, ಟ್ಯೂಬಿನಿಂದ ಹೋದದ್ದು, ಒದ್ದೆಯಾದ ಡೈಪರ್‌ಗಳು, ಮಲ, ವಾಂತಿ, ಮಗುವಿನ ಲವಲವಿಕೆ.

ಆರರಿಂದ ಎಂಟು ಗಂಟೆ ಮೂತ್ರವಾಗದಿರುವುದು, ಅಳುವಾಗ ಕಣ್ಣೀರು ಬರದಿರುವುದು, ಬಾಯಿ ಒಣಗುವುದು, ಕಣ್ಣು ಗುಳಿ ಬೀಳುವುದು ನಿರ್ಜಲೀಕರಣದ ಲಕ್ಷಣಗಳು; ಟ್ಯೂಬಿನಲ್ಲಿ ದ್ರವ ಕೊಟ್ಟು ಕೂಡಲೇ ವೈದ್ಯರನ್ನು ಸಂಪರ್ಕಿಸಿ. ಮಗು ಮಂಕಾಗಿ ಎಚ್ಚರಗೊಳ್ಳಲು ತಡಮಾಡುವುದು, ತಣ್ಣನೆ ಬೆವರುವುದು, ನಡುಗುವುದು ರಕ್ತದ ಸಕ್ಕರೆ ಇಳಿದದ್ದರ ಸೂಚನೆಯಾಗಿರಬಹುದು, ಆಗ ತುರ್ತು ಚಿಕಿತ್ಸೆ ಬೇಕು. ತೂಕ ಮೊದಲೇ ಬರೆದಿಟ್ಟ ಗೆರೆಯನ್ನು ಮುಟ್ಟಿದರೆ, ಅಥವಾ ಹೊಸದಾಗಿ ಎದೆಯ ಸೋಂಕು ಕಂಡರೆ ಇಳಿಕೆಯನ್ನು ನಿಲ್ಲಿಸಿ ಹಿಂದಿನ ಪ್ರಮಾಣಕ್ಕೆ ಮರಳಬೇಕು. ಬಹಳ ಸೊರಗಿದ ಮಗುವಿಗೆ ಒಮ್ಮೆಲೇ ಪೂರ್ತಿ ಆಹಾರ ತುಂಬುವುದು ರಕ್ತದ ಲವಣಾಂಶಗಳನ್ನು ಏರುಪೇರು ಮಾಡಬಲ್ಲದು, ಆದ್ದರಿಂದ ಮರಳುವ ವೇಗವನ್ನೂ ವೈದ್ಯರೇ ಹೇಳಬೇಕು.

ಜ್ವರ, ಭೇದಿ ಬಂದ ದಿನಗಳಲ್ಲಿ ಟ್ಯೂಬನ್ನು ಧಾರಾಳವಾಗಿ ಬಳಸಿ. ಅದು ಸೋಲಲ್ಲ. ಚೇತರಿಸಿದ ಮೇಲೆ ಹಿಂದಿನ ಹಂತದಿಂದ ಮುಂದುವರಿದರಾಯಿತು.

ಹಂತ 9: ಟ್ಯೂಬ್ ತೆಗೆಯುವುದು

ಬಾಯಿಂದ ಅಗತ್ಯದ ಮುಕ್ಕಾಲು ಪಾಲು ಹೋಗುತ್ತಿದ್ದು, ತೂಕ ಸ್ಥಿರವಾಗಿದ್ದರೆ ಉಳಿದ ಬೋಲಸ್‌ಗಳನ್ನು ನಿಲ್ಲಿಸಿ ನೋಡುವ ಮಾತನ್ನು ತಂಡದೊಂದಿಗೆ ಆಡಬಹುದು. ಮೂಗಿನ ಟ್ಯೂಬ್ ಗಂಟಲಲ್ಲಿ ಕಿರಿಕಿರಿ ಮಾಡುತ್ತದೆ, ರಿಫ್ಲಕ್ಸನ್ನೂ ಹೆಚ್ಚಿಸಬಲ್ಲದು. ಅದನ್ನು ಬೇಗ ತೆಗೆದಷ್ಟೂ ನುಂಗುವುದು ಹಗುರ, ಬೇಕಾದರೆ ಮತ್ತೆ ಹಾಕಲೂ ಬರುತ್ತದೆ. ಗ್ಯಾಸ್ಟ್ರೋಸ್ಟಮಿಯ ವಿಷಯದಲ್ಲಿ ಅವಸರ ಬೇಡ. ಒಮ್ಮೆ ಹೊರತೆಗೆದರೆ ರಂಧ್ರ ಕೆಲವೇ ಗಂಟೆಗಳಲ್ಲಿ ಕಿರಿದಾಗತೊಡಗುತ್ತದೆ. ಆದ್ದರಿಂದ ಅದನ್ನು ಆಹಾರಕ್ಕೂ ನೀರಿಗೂ ಔಷಧಿಗೂ ಬಳಸದೆ ಕೆಲವು ತಿಂಗಳು ಕಳೆದು, ಆ ಅವಧಿಯಲ್ಲಿ ಒಂದೆರಡು ಸಲವಾದರೂ ಮಗು ಕಾಯಿಲೆ ಬಿದ್ದು ಟ್ಯೂಬಿನ ನೆರವಿಲ್ಲದೆ ಚೇತರಿಸಿಕೊಂಡ ಮೇಲೆ ತೆಗೆಸುವುದು ಜಾಣತನ. ಬಳಸದಿದ್ದರೂ ವೈದ್ಯರು ಹೇಳಿದಂತೆ ನೀರು ಹಾಯಿಸಿ ಸ್ವಚ್ಛವಾಗಿಡಬೇಕು. ತೆಗೆದ ನಂತರ ರಂಧ್ರ ಸಾಮಾನ್ಯವಾಗಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಇದ್ದ ರಂಧ್ರ ಮುಚ್ಚದೆ ಸೋರುತ್ತಿದ್ದರೆ ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಟ್ಯೂಬ್ ಹೋದ ಮೇಲೂ ತೂಕ ಮತ್ತು ಉದ್ದದ ಅಳತೆ ಕನಿಷ್ಠ ಒಂದು ವರ್ಷ ನಡೆಯಲಿ, ಮೊದಲ ತಿಂಗಳುಗಳಲ್ಲಿ ಸ್ವಲ್ಪ ಹತ್ತಿರ ಹತ್ತಿರವಾಗಿ. ತೂಕ ಸರಿಯಿದ್ದೂ ತಿನ್ನುವ ಪದಾರ್ಥಗಳು ನಾಲ್ಕೈದಕ್ಕೇ ಸೀಮಿತವಾಗಿರುವುದು ಈ ಮಕ್ಕಳಲ್ಲಿ ಸಾಮಾನ್ಯ. ಕಬ್ಬಿಣ, ವಿಟಮಿನ್ ಡಿ ಮುಂತಾದವು ಸಾಕಷ್ಟು ಸಿಗುತ್ತಿವೆಯೇ ಎಂಬುದನ್ನು ಡಯಟೀಷಿಯನ್ ಬಳಿ ನೋಡಿಸಿ, ಜಗಿಯುವ ಕಲಿಕೆಗಾಗಿ ಥೆರಪಿಯನ್ನು ಮುಂದುವರಿಸಿ.